ಮೆಂತ್ಯ ಉಂಡ ನೀಲಿ ಹಂಡೆ

ಈರುಳ್ಳಿಯನ್ನೂ ಮುಟ್ಟದ ನಮ್ಮ ಚಿಕ್ಕಮ್ಮ ಪರ್ತ್ ನಗರದ ಕ್ಯಾನಿಂಗ್ ವೇಲ್‌ನಲ್ಲಿ ವಾರಕ್ಕೊಂದು ಬಾಟಲಿ ಹೆಂಡ ಕೊಳ್ಳುತ್ತಿದ್ದಳು ಎಂದರೆ ನಂಬುತ್ತೀರಾ? ನಂಬಲೇಬೇಕು! ಬಾಟಲ್ ಶಾಪಿನಲ್ಲಿ ಅವಳನ್ನು ಕಂಡ ಕನ್ನಡ ಕೂಟದ ಕಾರ್ಯದರ್ಶಿ, ತಾನು ಅಲ್ಲಿಗೆ ಬಂದದ್ದೇಕೆಂಬುದನ್ನೇ ಮರೆತು ಬರಿಗೈಯಲ್ಲಿ ಓಡಿಹೋಗಿದ್ದ. ಸಂಜೆಯೊಳಗೆ ಸುದ್ದಿ ಇಡೀ ಪರ್ತಿನ ವಾಟ್ಸಾಪ್‌ನಲ್ಲಿತ್ತು.

ಕುಡಿಯುತ್ತಿದ್ದುದು ಅವಳಲ್ಲ, ಪಕ್ಕದ ಮನೆಯ ಹಂಡೆ. ಆ ಮನೆಯಾಕೆ ಚೀನಾದ ದಾಲಿ ಕಡೆಯ ಬಾಯ್ ಜನಾಂಗದವಳು. ಬಿಳಿ ಬಟ್ಟೆಯನ್ನು ದಾರದಿಂದ ಹೊಲಿದು, ಬಿಗಿದು, ಗಂಟು ಹಾಕಿ ನೀಲಿಯಲ್ಲಿ ಅದ್ದುವುದು ಅವರ ಕಸುಬು. ಗಂಟು ಬಿಚ್ಚಿದರೆ ಬಣ್ಣ ತಾಗದಲ್ಲೆಲ್ಲ ಬಿಳಿ ಹೂವು, ಚಿಟ್ಟೆ! ಹಂಡೆಯಲ್ಲಿನ ನೀಲಿ ಹುಳಿ ಬರಬೇಕು. ಅದಕ್ಕೆ ಸುಣ್ಣ, ಅಕ್ಕಿಯ ಹೆಂಡ ಉಣಿಸಬೇಕು. ಆಕೆಗೆ ಮಂಡಿನೋವು, ಹಾಗಾಗಿ ಬಾಟಲಿ ತರುವ ಕೆಲಸ ಚಿಕ್ಕಮ್ಮನದು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಇವಳು ಮೈಸೂರು ಕನ್ನಡದಲ್ಲಿ ಗದರುತ್ತಿದ್ದಳು, ಅವಳು ಬಾಯ್ ಭಾಷೆಯಲ್ಲಿ ನಗುತ್ತಿದ್ದಳು.

ನೋಡಿಕೊಂಡು ಸುಮ್ಮನಿರುವವಳೇ ಚಿಕ್ಕಮ್ಮ? ತಾನೂ ಒಂದು ಕರವಸ್ತ್ರಕ್ಕೆ ಗಂಟು ಹಾಕಿದಳು, ಮಲ್ಲಿಗೆ ಕಟ್ಟುವ ಗಂಟು! ಹಂಡೆಯೊಳಗೆ ಅಷ್ಟೂ ಸಡಿಲಾದವು.

"ಬಿಳೀದು ಒಂದು ಚುಕ್ಕೀನೂ ಇಲ್ವಲ್ಲ ಚಿಕ್ಕಮ್ಮ?" ಎಂದೆ.

"ಅಮಾವಾಸ್ಯೆ ಆಕಾಶ ಕಣೇ ಅದು!"

ಕೂಟದ ಪಾಟ್‌ಲಕ್‌ನಲ್ಲಿ ಮೊಣಕೈವರೆಗೆ ನೀಲಿ ಕೈಯಿಂದ ಕೋಸಂಬರಿ ಬಡಿಸಿದಳು. "ಆಂಟಿ, ಕೈಗೇನಾಯ್ತು?" ಎಂದವರಿಗೆ, "ಈಗಷ್ಟೇ ಕೃಷ್ಣನ್ನ ತಡವಿ ಬಂದೆ" ಎಂದಳು.

ಜುಲೈ ಎಂದರೆ ಇಲ್ಲಿ ಚಳಿಗಾಲ. ಆ ವರ್ಷದ ಚಳಿಯಲ್ಲಿ ಹಂಡೆ ತಣ್ಣಗಾಯಿತು. ನೊರೆಯಿಲ್ಲ, ಬಣ್ಣ ಹತ್ತುತ್ತಿಲ್ಲ. ಆಕೆಯ ಮಗಳ ಮದುವೆಗೆ ಎರಡೇ ವಾರ. ಮಗಳಿಗೆ ಕೊಡಲೆಂದು ಐದು ತಿಂಗಳಿಂದ ಗಂಟು ಹಾಕಿಟ್ಟಿದ್ದ ದೊಡ್ಡ ಹೊದಿಕೆ ಬಿಳಿಯಾಗಿಯೇ ಉಳಿದಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕೂತು ಆಕೆ ಅತ್ತುಬಿಟ್ಟಳು.

ಚಿಕ್ಕಮ್ಮ ಹಂಡೆಗೆ ಮೂಗಿಟ್ಟಳು. "ಸತ್ತಿಲ್ಲ ಕಣೇ ಇದು. ಚಳೀಗೆ ದೋಸೆ ಹಿಟ್ಟು ಹುಳಿ ಬರಲ್ವಲ್ಲ, ಹಾಗಾಗಿದೆ ಅಷ್ಟೇ!" ಎಂದವಳೇ ಎರಡು ಹಿಡಿ ಮೆಂತ್ಯ ಬೇಯಿಸಿ ಸುರಿದಳು.

"ಅಯ್ಯೋ, ಮದುವೆ ಬಟ್ಟೆಗೆ ಹುಳಿ ಮಾಡ್ತಿದೀಯಾ?" ಎಂದೆ.

"ಮೆಂತ್ಯ ಬಿದ್ಮೇಲೂ ಉಕ್ಕದೇ ಇರೋದು ಯಾವುದಿದೆ, ತೋರಿಸು!"

ನನ್ನ ಎಲೆಕ್ಟ್ರಿಕ್ ಬ್ಲ್ಯಾಂಕೆಟ್ಟೂ ಹಂಡೆಯ ಪಾಲಾಯಿತು. ಮೂರು ದಿನ ಹಂಡೆ ಬೆಚ್ಚಗಿತ್ತು, ನಾನು ನಡುಗಿದೆ. ನಾಲ್ಕನೆಯ ದಿನ ಬೆಳಗ್ಗೆ, "ಉಕ್ಕಿತು! ಉಕ್ಕಿತು!" ಎಂಬ ಚಿಕ್ಕಮ್ಮನ ಕೂಗಿಗೆ ಎದುರುಮನೆಯ ಮುದುಕ ಬೆಂಕಿ ಬಿತ್ತೆಂದು ಹೋಸ್ ಪೈಪ್ ಹಿಡಿದು ಓಡಿಬಂದ. ಹಂಡೆಯ ಮೇಲೆ ತಾಮ್ರದ ಬಣ್ಣದ ನೊರೆ! ಆಕೆ ಬಟ್ಟೆ ಅದ್ದಿ ಎತ್ತಿದಳು. ಹಸಿರಾಗಿ ಬಂದದ್ದು ಗಾಳಿ ತಾಗಿ ಕಣ್ಣೆದುರೇ ನೀಲಿಯಾಯಿತು. ಮೂವರೂ ಮುದುಕನನ್ನೂ ಸೇರಿಸಿಕೊಂಡು ಕುಣಿದೆವು.

ಮದುವೆಯ ಹಿಂದಿನ ದಿನ ಗಂಟು ಬಿಚ್ಚುವ ಹೊತ್ತು. ಆಕೆ ಹೊದಿಕೆಯನ್ನು ಚಿಕ್ಕಮ್ಮನ ಮುಂದೆ ಹಿಡಿದಳು. ಚಿಕ್ಕಮ್ಮ ಹಿಂದೆ ಸರಿದು, ನಾನೆಂದೂ ಕೇಳದ ಸಣ್ಣ ದನಿಯಲ್ಲಿ, "ಶುಭಕಾರ್ಯದ್ದು... ನಾನು ಮೊದಲು ಮುಟ್ಟಬಾರದು. ನೀನೇ ಬಿಚ್ಚು" ಎಂದು ನನ್ನತ್ತ ತಿರುಗಿದಳು. ಚಿಕ್ಕಪ್ಪ ಹೋದಾಗಿನಿಂದ ಪ್ರತಿ ಮದುವೆ, ಸೀಮಂತದಲ್ಲೂ ಅವಳು ಏನೋ ತಮಾಷೆ ಮಾಡಿ ಅಡುಗೆಮನೆಗೆ ಜಾರಿಕೊಳ್ಳುತ್ತಿದ್ದುದು ನನಗೆ ಆಗ ಹೊಳೆಯಿತು. ನಾಚಿಕೆಯಾಯಿತು.

ಆಕೆಗೆ ಇದ್ಯಾವುದೂ ಗೊತ್ತಿಲ್ಲ. ಗದರಿಸಿಕೊಂಡೇ ಕಲಿತಿದ್ದ ಒಂದೇ ಒಂದು ಕನ್ನಡದ ಮಾತಿನಲ್ಲಿ, "ಬಾರೇ!" ಎಂದು ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮೊದಲ ಗಂಟು ಚಿಕ್ಕಮ್ಮನೇ ಬಿಚ್ಚಿದಳು. ಆಮೇಲಿನದೆಲ್ಲ ಕಣ್ಣೀರಿನಲ್ಲಿ ಅವಳಿಗೆ ಕಾಣಿಸಲಿಲ್ಲ. ಬೆರಳುಗಳೇ ಹುಡುಕಿ ಬಿಚ್ಚಿದವು.

ಮರುದಿನ ನಮ್ಮ ಚಿಕ್ಕಮ್ಮ ಕೂತದ್ದು ಮೊದಲ ಸಾಲಿನಲ್ಲಿ, ಮದುಮಗಳ ತಾಯಿಯ ಪಕ್ಕದಲ್ಲಿ.