ಗುಂಡನ ತಾಯಿಯ ಹುದ್ದೆ

ಎರಡು ವರ್ಷದ ಮಗುವನ್ನು ಕಟ್ಟಿಕೊಂಡು ಪರದೇಶಕ್ಕೆ ರಜೆ ಕಳೆಯಲು ಹೋಗುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಆದ್ದರಿಂದ ನನ್ನ ಭಾವನ ಮೇಲೆ ಯಾವ ಮೊಕದ್ದಮೆಯೂ ಇಲ್ಲ. ನಾನು ಆ ಮಗುವಿನ ಸೋದರಮಾವ. ಪ್ರವಾಸದುದ್ದಕ್ಕೂ ಜೊತೆಗಿದ್ದವನು, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಭಾವನ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ಇದ್ದರೂ ಅದನ್ನು ಈ ವರದಿಯಲ್ಲಿ ಸೇರಿಸುವುದಿಲ್ಲ.

ನಾವು ಹೊಟ್ಟೆಪಾಡಿಗಾಗಿ ಒಂದು ಪರದೇಶದಲ್ಲಿದ್ದೇವೆ. ರಜೆ ಬಂದರೆ ಆಯಾಸ ಪರಿಹಾರಕ್ಕೆ ಇನ್ನೊಂದು ಪರದೇಶಕ್ಕೆ ಹೋಗುತ್ತೇವೆ. ಈ ಸಲದ ಪ್ರವಾಸ ಅಕ್ಕನಿಗಾಗಿ. ಗುಂಡ ಹುಟ್ಟಿದ ಮೇಲೆ ಅವಳು ಕಾಫಿಯನ್ನು ಬಿಸಿಯಾಗಿ ಕುಡಿದದ್ದನ್ನು ಕಂಡವರಿಲ್ಲ.

"ನನಗೆ ಬೇರೇನೂ ಬೇಡ ಕಣೋ. ಒಂದೇ ಒಂದು ಗಂಟೆ ಸಮುದ್ರದ ಮುಂದೆ ಸುಮ್ಮನೆ ಕೂರಬೇಕು. ಯಾರೂ ಕರೀಬಾರದು, ಯಾರೂ ನನ್ನ ಕೂದಲು ಎಳೀಬಾರದು," ಎಂದಿದ್ದಳು.

ಭಾವ ಏರ್ಪಾಡು ಮಾಡಿದರು. ಸಮುದ್ರದಂಡೆಯ ಆ ಹೋಟೆಲಿನವರು ತಮ್ಮ ಹಳೆಯ ಸದಸ್ಯರಿಗೆ ಭಾರಿ ರಿಯಾಯಿತಿ ಕೊಡುತ್ತಾರೆ. ಹುಟ್ಟಿದ ಕೂಡಲೇ ಸದಸ್ಯರಾದವರಿಗಂತೂ ಇನ್ನೂ ಹೆಚ್ಚು. ದೂರದೃಷ್ಟಿಯುಳ್ಳ ನಮ್ಮ ಭಾವ, ಗುಂಡನಿಗೆ ನಾಮಕರಣವಾಗುವ ಮೊದಲೇ ಸದಸ್ಯತ್ವ ಮಾಡಿಸಿಟ್ಟಿದ್ದರು. ಹಾಗಾಗಿ ರೂಮನ್ನು ಗುಂಡನ ಹೆಸರಿನಲ್ಲೇ ಕಾಯ್ದಿರಿಸಿದರು.

"ರೂಮು ಯಾರ ಹೆಸರಲ್ಲಿದ್ರೇನು, ಮಲಗೋದು ನಾವೇ ತಾನೆ?" ಎಂದು ಅವರು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

ಹೋಟೆಲಿನ ಬಾಗಿಲಲ್ಲಿ ಕರಿ ಕೋಟಿನ ಮ್ಯಾನೇಜರು ಕಾಯುತ್ತಿದ್ದರು. ಭಾವ ಕೈಚಾಚಿದರು. ಮ್ಯಾನೇಜರು ಆ ಕೈಯನ್ನು ದಾಟಿ ಹೋಗಿ, ತನ್ನ ಬೂಟನ್ನೇ ಚೀಪುತ್ತಿದ್ದ ಗುಂಡನ ಮುಂದೆ ಮಂಡಿಯೂರಿದರು.

"ಬರಬೇಕು ಸ್ವಾಮಿ. ಪ್ರಯಾಣ ಚೆನ್ನಾಗಿತ್ತಾ?"

"ಬೇಡ," ಎಂದ ಗುಂಡ.

ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಗುಂಡ ಆಗ ಯಾರೇ ಏನೇ ಕೇಳಿದರೂ 'ಬೇಡ' ಎನ್ನುವ ವಯಸ್ಸಿನಲ್ಲಿದ್ದ. ತಲೆ ಕೊಡವಿ, ಕಾಲು ಬಡಿದು, ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದುದರಿಂದ ಅದನ್ನು ತಿಳಿಯಲು ಯಾವ ದೇಶದವರಿಗೂ ದುಭಾಷಿ ಬೇಕಿರಲಿಲ್ಲ. ಮನೆಯಲ್ಲಿ ನಾವು ಇದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೋಟೆಲಿನವರು ಹಾಕಿಕೊಂಡರು.

ಅಲ್ಲಿಯ ನಿಯಮ ಸರಳವಾಗಿತ್ತು. ರೂಮು ಯಾರ ಹೆಸರಿನಲ್ಲಿದೆಯೋ ಅವರು ಮುಖ್ಯ ಅತಿಥಿ, ಉಳಿದವರು ಜೊತೆಗಾರರು. ಮುಖ್ಯ ಅತಿಥಿಯ ಮಾತೇ ಅಂತಿಮ. ಅಕ್ಕ, ಭಾವ ಇಬ್ಬರೂ ಜೊತೆಗಾರರಾದರು. ನನ್ನನ್ನು ಸೂಟ್‌ಕೇಸುಗಳೊಂದಿಗೆ 'ಇತರೆ'ಗೆ ಸೇರಿಸಲಾಯಿತು. ನಾನು ಆಕ್ಷೇಪಿಸಲಿಲ್ಲ, ಸೂಟ್‌ಕೇಸುಗಳು ನನಗಿಂತ ಒಳ್ಳೆಯ ಸ್ಥಿತಿಯಲ್ಲಿದ್ದವು.

"ಸಮುದ್ರದ ಕಡೆ ರೂಮು ಕೊಡಬಹುದಾ ಸ್ವಾಮಿ?" ಎಂದು ಮ್ಯಾನೇಜರು ಕೇಳಿದರು.

"ಬೇಡ."

ನಮಗೆ ಹಿಂಬದಿಯ ರೂಮು ಸಿಕ್ಕಿತು. ಕಿಟಕಿ ತೆರೆದರೆ ಹೋಟೆಲಿನ ಬಟ್ಟೆ ಒಗೆಯುವ ಕೋಣೆ. ಸಾಲಾಗಿ ನಿಂತ ಯಂತ್ರಗಳ ಗಾಜಿನ ಬಾಗಿಲೊಳಗೆ ದಿಂಬಿನ ಚೀಲಗಳು ಗಿರಗಿರನೆ ಸುತ್ತುತ್ತಿದ್ದವು. ಗುಂಡನ ಕಣ್ಣಿಗೆ ಹಬ್ಬ. ಅಕ್ಕ ಮಾತ್ರ ಕಿಟಕಿಯ ಸರಳು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಹಾಲಿನ ಬಾಟಲಿ ತೊಳೆಯಲು ಹೋದಳು.

ಮಾರನೆಯ ಬೆಳಗ್ಗೆ ತಿಂಡಿ ಬೇಕೇ ಎಂದು ಮುಖ್ಯ ಅತಿಥಿಗಳನ್ನು ಕೇಳಲಾಯಿತು. ಭಾವನ ಬಾಯಿಯ ಹತ್ತಿರ ಬಂದಿದ್ದ ಚಮಚೆಯನ್ನು ಬಡಿಸುವವನು ನಯವಾಗಿ ಬಿಡಿಸಿಕೊಂಡು ಹೋದ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು.

"ಮಾನ್ಯರ ಗಮನಕ್ಕೆ. ಮುಖ್ಯ ಅತಿಥಿಗಳು ಇಂದು ಪಾದರಕ್ಷೆಯನ್ನು ನಿರಾಕರಿಸಿರುವುದರಿಂದ ಅವರ ಜೊತೆಗಾರರು ಬರಿಗಾಲಿನಲ್ಲಿ ಸಂಚರಿಸತಕ್ಕದ್ದು. ಮುಖ್ಯ ಅತಿಥಿಗಳು ಚಡ್ಡಿಯ ವಿಷಯದಲ್ಲಿ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಜೊತೆಗಾರರು ಮುಂದಿನ ಆದೇಶದವರೆಗೆ ಕಾಯತಕ್ಕದ್ದು."

ಭಾವನಿಗೆ ಹೊಟ್ಟೆ ಹಸಿದಿತ್ತು, ಕಾಲು ಬರಿದಾಗಿತ್ತು, ಆದರೆ ಎದೆ ಉಬ್ಬಿತ್ತು. "ನೋಡಿದ್ಯೇನೋ, ಎಷ್ಟು ಮರ್ಯಾದೆ ನಮ್ಮ ಹುಡುಗನಿಗೆ!" ಎಂದರು. ದೂರು ಕೊಡೋಣವೆಂದು ನಾನು ಹೋದೆ. ದೂರಿದ್ದರೆ ಮುಖ್ಯ ಅತಿಥಿಗಳ ಮೂಲಕ ಸಲ್ಲಿಸಿ ಎಂದರು ಹೋಟೆಲಿನವರು. ಮುಖ್ಯ ಅತಿಥಿಗಳು ಆಗ ಮೇಜಿನ ಕೆಳಗಿದ್ದರು.

ಇದೆಲ್ಲ ಸಹಜವಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಅಕ್ಕ ಗುಂಡನ ಮುಖ ತೊಳೆದಳು.

ಮುಖ ತೊಳೆಸಿಕೊಳ್ಳುವಾಗ ಗುಂಡ ಕಿರುಚುವ ರೀತಿಗೆ ಹೊಸಬರು ಹೌಹಾರುತ್ತಾರೆ. ಮ್ಯಾನೇಜರು ಓಡಿಬಂದರು.

"ಸ್ವಾಮಿ, ಈ ಜೊತೆಗಾರ್ತಿಯ ಸೇವೆ ತೃಪ್ತಿಕರವಾಗಿದೆಯಾ? ಇವರು ಬೇಕಾ?"

"ಬೇಡ!" ಎಂದ ಗುಂಡ, ಮೂಗಿನಿಂದ ನೀರು ಸುರಿಸುತ್ತ.

ಅಕ್ಕ ನಕ್ಕಳು. ಅವಳು ನಗುತ್ತಿರುವಾಗಲೇ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹೆಂಗಸೊಬ್ಬಳು ಬಂದು, ತಾನು ಹಂಗಾಮಿ ಜೊತೆಗಾರ್ತಿ ಎಂದು ಪರಿಚಯಿಸಿಕೊಂಡು, ಗುಂಡನನ್ನು ಎತ್ತಿಕೊಂಡಳು. ಅಕ್ಕನನ್ನು ಇಬ್ಬರು ಗೌರವದಿಂದ ಹೊರಗೆ ಕರೆದೊಯ್ದು ದಂಡೆಯ ಬೆಂಚಿನ ಮೇಲೆ ಕೂರಿಸಿದರು.

ಭಾವನನ್ನು ವಜಾ ಮಾಡುವ ಪ್ರಶ್ನೆ ಬರಲಿಲ್ಲ. ವಜಾ ಆಗಬೇಕಾದರೆ ಮೊದಲು ಕೆಲಸ ಮಾಡಿರಬೇಕು.

ಹೀಗೆ ಅಕ್ಕನಿಗೆ ಸಮುದ್ರ ಸಿಕ್ಕಿತು. ಯಾರೂ ಕರೆಯಲಿಲ್ಲ, ಯಾರೂ ಕೂದಲು ಎಳೆಯಲಿಲ್ಲ. ಯಾರೋ ಬಿಸಿ ಕಾಫಿಯನ್ನೂ ತಂದಿಟ್ಟರು. ನಾನು ಹೋಗಿ ನೋಡಿದಾಗ ಅವಳು ಸಮುದ್ರಕ್ಕೆ ಬೆನ್ನು ಮಾಡಿ, ಹೋಟೆಲಿನ ಕಡೆ ತಿರುಗಿ ಕೂತಿದ್ದಳು. ಕಾಫಿ ಆರಿಹೋಗಿತ್ತು.

"ಅವನಿಗೆ ನಿದ್ದೆ ಬರಬೇಕಾದ್ರೆ ನನ್ನ ಕಿವಿ ಹಿಡ್ಕೋಬೇಕು ಕಣೋ," ಎಂದಳು. "ಆ ಹೆಂಗಸಿನ ಕಿವೀಲಿ ದೊಡ್ಡ ಓಲೆ ಇದೆ. ಮಗು ಕೈಗೆ ಚುಚ್ಚುತ್ತೆ." ಹಾಗೆನ್ನುತ್ತ ಗಳಗಳ ಅತ್ತುಬಿಟ್ಟಳು. ಅಷ್ಟರಲ್ಲಿ ಭಾವ ಬರಿಗಾಲಲ್ಲಿ ಕುಣಿಯುತ್ತ ಬಂದರು. "ರೀ, ನಿಮ್ಮ ರಿಯಾಯಿತಿಗಿಷ್ಟು ಬೆಂಕಿ ಹಾಕ! ನನ್ನ ಮಗೂನ ನನಗೆ ತಂದುಕೊಡಿ!" ಎಂದಳು. ಕಾಲು ಸುಡುತ್ತಿದೆ ಎಂದಷ್ಟೇ ಭಾವ ಹೇಳಿದರು.

ಮೂವರೂ ಮ್ಯಾನೇಜರ ಕೋಣೆಗೆ ಹೋದೆವು.

"ನಾನು ಅವನ ತಾಯಿ, ಸ್ವಾಮಿ," ಎಂದಳು ಅಕ್ಕ.

ಮ್ಯಾನೇಜರು ಒಳ್ಳೆಯ ಮನುಷ್ಯ. ಅವರ ಕಣ್ಣಲ್ಲೂ ನೀರಾಡಿತು. "ಅದು ನಿಮ್ಮ ಖಾಸಗಿ ವಿಷಯ ಅಮ್ಮಾ. ಆ ಹೆಸರಿನ ಹುದ್ದೆ ನಮ್ಮಲ್ಲಿಲ್ಲ. ಜೊತೆಗಾರ್ತಿ ಹುದ್ದೆ ಖಾಲಿ ಇದೆ, ಮಧ್ಯಾಹ್ನ ಸಂದರ್ಶನ. ಅನುಭವ ಇದೆಯಾ?"

"ಇವನನ್ನ ಹೆತ್ತಾಗಿನಿಂದ ನಾನೇ ನೋಡ್ಕೊಂಡಿರೋದು."

"ಮನೆಯಲ್ಲಿ ಮಾಡಿದ್ದನ್ನ ಅನುಭವ ಅಂತ ಪರಿಗಣಿಸೋಕಾಗಲ್ಲಮ್ಮ. ಇರಲಿ, ಬನ್ನಿ, ನೋಡೋಣ."

ಸಂದರ್ಶನಕ್ಕೆ ದೊಡ್ಡ ಮೇಜಿನ ಹಿಂದೆ ಗುಂಡನಿಗೆ ಎತ್ತರದ ಕುರ್ಚಿ ಹಾಕಿದ್ದರು. ಅವನು ಮೇಜಿನ ಗಂಟೆಯನ್ನು ಬಾಯಲ್ಲಿಟ್ಟುಕೊಂಡಿದ್ದ. ಮಲಗುವ ಹೊತ್ತು ಮೀರಿ ಕಣ್ಣು ಕೆಂಪಾಗಿತ್ತು. ಅಭ್ಯರ್ಥಿಗಳು ಇಬ್ಬರೇ. ಮೊದಲು ಹಂಗಾಮಿ ಜೊತೆಗಾರ್ತಿ ಬಂದಳು. ಶಿಶುಪಾಲನೆಯಲ್ಲಿ ತರಬೇತಿ ಪಡೆದವಳು, ಕೈಯಲ್ಲಿ ಬಿಸ್ಕತ್ತು ಹಿಡಿದಿದ್ದಳು.

"ಪುಟ್ಟಾ, ನಾನು ನಿನ್ನ ಜೊತೆ ಇರಲಾ?"

ಗುಂಡ ಬಿಸ್ಕತ್ತು ಕಸಿದುಕೊಂಡು "ಬೇಡ" ಎಂದ.

ಅಕ್ಕನ ಸರದಿ ಬಂತು. ಏನು ಕೇಳಿದರೂ ಬರುವುದು ಒಂದೇ ಉತ್ತರ, ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಭಾವ "ಬೇಕು ಅನ್ನೋ ರಾಜಾ, ಬೇಕು ಅನ್ನೋ" ಎಂದು ಹಿಂದಿನಿಂದ ಪಿಸುಗುಟ್ಟಿದರು. ಅವರನ್ನು ಶಿಸ್ತುಭಂಗಕ್ಕಾಗಿ ಹೊರಗೆ ನಿಲ್ಲಿಸಲಾಯಿತು.

ಅಕ್ಕ ಬಾಯಿ ತೆರೆಯಲಿಲ್ಲ. ಗುಂಡ ಕಣ್ಣುಜ್ಜಿಕೊಂಡು, ಅವಳ ಕಿವಿಯ ಕಡೆ ಕೈ ಚಾಚಿದ. ಅವಳು ಕದಲಲಿಲ್ಲ.

"ಕೇಳಿ ಅಮ್ಮಾ," ಎಂದರು ಮ್ಯಾನೇಜರು.

ಅಕ್ಕ ಎದ್ದಳು. ಕೈಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, ಸಾವಕಾಶವಾಗಿ ಕೇಳಿದಳು:

"ಹಾಗಾದ್ರೆ ಅಮ್ಮ ಹೋಗ್ಲಾ ಗುಂಡಾ?"

"ಬೇಡ! ಬೇಡ ಬೇಡ ಬೇಡ!"

ಮುಖ್ಯ ಅತಿಥಿಗಳು ಕುರ್ಚಿಯಿಂದ ಜಾರಿ, ಮೇಜಿನ ಕೆಳಗೆ ನುಸುಳಿ, ಅಭ್ಯರ್ಥಿಯ ಕಾಲು ತಬ್ಬಿಕೊಂಡರು. ಅವಳು ಎತ್ತಿಕೊಂಡಾಗ ಕಿವಿ ಹಿಡಿದುಕೊಂಡರು. ಮ್ಯಾನೇಜರು ಎದ್ದು ನಿಂತು ನೇಮಕದ ಆದೇಶವನ್ನು ಗಂಭೀರವಾಗಿ ಓದಿ ಮುಗಿಸುವಷ್ಟರಲ್ಲಿ ಮುಖ್ಯ ಅತಿಥಿಗಳು ಗೊರಕೆ ಹೊಡೆಯುತ್ತಿದ್ದರು.

"ಜೊತೆಗಾರ್ತಿಗೆ ದಿನಕ್ಕೆ ಒಂದು ಗಂಟೆ ಕಡ್ಡಾಯ ವಿರಾಮ," ಎಂದು ಮ್ಯಾನೇಜರು ಷರತ್ತು ವಿವರಿಸಿದರು. "ಆ ಹೊತ್ತಿನಲ್ಲಿ ಯಾರೂ ಕರೆಯೋ ಹಾಗಿಲ್ಲ. ವಾರಕ್ಕೊಂದು ದಿನ ಪೂರ್ತಿ ರಜೆ."

ಅಕ್ಕ ಇನ್ನೊಂದು ಸಲ ಹೇಳಿಸಿ ಕೇಳಿದಳು.

ಭಾವ ಬಾಗಿಲಿನಿಂದ ತಲೆ ಹಾಕಿದರು. "ಇದೆಲ್ಲ ರಗಳೆ ಯಾಕೆ ಸಾರ್? ರಿಯಾಯಿತಿ ಹೋದ್ರೆ ಹೋಗಲಿ, ರೂಮು ನನ್ನ ಹೆಸರಿಗೆ ಮಾಡಿಬಿಡಿ. ಅವಳು ಮೊದಲಿನ ಹಾಗೆ ಬರೀ ತಾಯಿಯಾಗೇ ಇರಲಿ."

"ಧಾರಾಳವಾಗಿ ಮಾಡಬಹುದು," ಎಂದರು ಮ್ಯಾನೇಜರು.

"ತಡೀರಿ," ಎಂದಳು ಅಕ್ಕ. "ತಾಯಿಗೆ ರಜೆ ಎಷ್ಟು?"

ಮ್ಯಾನೇಜರು ನಿಯಮಾವಳಿಯನ್ನು ಹಿಂದೆ ಮುಂದೆ ತಿರುವಿದರು. ಮೇಲಧಿಕಾರಿಗೆ ಫೋನು ಮಾಡಿದರು. ಮೇಲಧಿಕಾರಿ ತಮ್ಮ ತಾಯಿಗೆ ಫೋನು ಮಾಡಿ ವಿಚಾರಿಸಿದರಂತೆ. "ಇಲ್ಲಮ್ಮ, ಅಂಥದ್ದು ಎಲ್ಲೂ ಇಲ್ಲ," ಎಂದರು.

"ಹಾಗಾದ್ರೆ ನನಗೆ ಈ ಕೆಲಸವೇ ಇರಲಿ," ಎಂದಳು ಅಕ್ಕ.

ಅವಳ ವಿರಾಮದ ಹೊತ್ತಿಗೆ ಬದಲಿ ಬೇಕಾದ್ದರಿಂದ ಭಾವನನ್ನು ತರಬೇತಿಯ ಮೇಲೆ ನೇಮಿಸಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಅವರಿಗೆ ಸ್ವಲ್ಪ ಬಿಗಿಯಾಯಿತು. ಉಳಿದ ದಿನಗಳಲ್ಲೆಲ್ಲ ಅಕ್ಕ ಒಂದು ಗಂಟೆ ದಂಡೆಯ ಬೆಂಚಿನಲ್ಲಿ ಕೂತು, ಸಮುದ್ರದ ಕಡೆಗೇ ಮುಖ ಮಾಡಿ, ಬಿಸಿ ಕಾಫಿ ಕುಡಿದಳು.

ನಾವಿರುವ ಊರಿಗೆ ಮರಳಿದ ಮೇಲೂ ಮನೆಯಲ್ಲಿ ಇದೇ ವ್ಯವಸ್ಥೆ ಮುಂದುವರಿದಿದೆ. ಭಾವನ ತರಬೇತಿ ಇನ್ನೂ ಮುಗಿದಿಲ್ಲ. ಎಲ್ಲರೂ ಒಪ್ಪಿಕೊಂಡಾಗಿತ್ತು, ಉಳಿದದ್ದು ಭಾವನ ತಾಯಿ ಒಬ್ಬರೇ. ಅವರಿಗೆ ಅಕ್ಕ ಫೋನಿನಲ್ಲಿ ವಿಷಯ ತಿಳಿಸಿದಳು.

"ದಿನಾ ಒಂದು ಗಂಟೆನಾ?" ಎಂದರು ಅವರು.

"ಹೂಂ ಅತ್ತೆ."

"ಯಾರೂ ಕರೆಯಲ್ವಾ?"

"ಕರೆಯೋ ಹಾಗಿಲ್ಲ ಅತ್ತೆ."

"ಹಿಂದಿನ ಸೇವೇನೂ ಲೆಕ್ಕಕ್ಕೆ ತಗೋತಾರಾ, ಆ ಮ್ಯಾನೇಜರನ್ನ ಸ್ವಲ್ಪ ಕೇಳಮ್ಮ," ಎಂದರು ಅತ್ತೆ. "ನಾನು ನಾಲ್ಕು ಜನರನ್ನ ಸಾಕಿದೀನಿ. ಅದರಲ್ಲಿ ನಿನ್ನ ಗಂಡನೂ ಒಬ್ಬ. ಅವನಿಗೇಂತ ಸ್ವಲ್ಪ ಜಾಸ್ತಿ ರಜೆ ಹಾಕೋಕೆ ಹೇಳು."