ಸಾಹೇಬರ ಸೇಜ್ ಗಿಡ

ಬೆಳಿಗ್ಗೆ ಗುಮಾಸ್ತ ತನ್ನ ಮನೆಯ ಬಾಲ್ಕನಿಗೆ ಬಂದಾಗ ಸಾಹೇಬರ ಸೇಜ್ ಗಿಡ, ಅಡುಗೆಗೆ ಹಾಕುವ ಆ ವಿದೇಶಿ ಘಾಟು ಸೊಪ್ಪು, ಒದ್ದೆ ಕಾಲುಚೀಲದ ಹಾಗೆ ಕುಂಡದ ಅಂಚಿಗೆ ಜೋತುಬಿದ್ದಿತ್ತು. ಸಾಹೇಬರು ರಜೆ ಮುಗಿಸಿ ಬರುವುದು ಅಂದೇ ಸಂಜೆ.

ಹೊರಡುವಾಗ ಅವರು ಇಡೀ ಕಚೇರಿಯಲ್ಲಿ ಇವನನ್ನೇ ಆರಿಸಿ, "ನಮ್ಮನೆಯವಳ ಗಿಡ. ನಿಮ್ಮ ಕೈಗೇ ಕೊಡ್ಬೇಕು ಅಂದ್ಕೊಂಡೆ" ಎಂದಿದ್ದರು. ಕಚೇರಿಯ ಕಳ್ಳಿ ಗಿಡವನ್ನೂ ಕೊಳೆಸಿದ್ದ ಕೈ ಅದು. ಆದರೂ ಅವನಿಗೆ ಅನುಮಾನ ಬರಲಿಲ್ಲ. ಹೊಗಳಿಕೆಯನ್ನು ಯಾರೂ ತನಿಖೆ ಮಾಡುವುದಿಲ್ಲ. ನೆಲಮಾಳಿಗೆಯ ಕಡತಗಳ ಕೋಣೆಯಿಂದ ತನ್ನನ್ನು ಕಿಟಕಿ ಪಕ್ಕದ ಮೇಜಿಗೆ ಹಾಕಿ ಎಂದು ಅವನು ಬೇಡುತ್ತಲೇ ಇದ್ದ. "ಬಂದ್ಮೇಲೆ ಅದನ್ನೂ ನೋಡೋಣ" ಎಂದಿದ್ದರು ಸಾಹೇಬರು.

ಸೇಜಿಗೆ ಬಿಸಿಲು ಬೇಕು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಬೇಕು. ಇದನ್ನು ಅವನು ಬಾಯಿಪಾಠ ಮಾಡಿದ್ದ.

"ಯಾರು ನೀರು ಹಾಕಿದ್ದು?" ಕೆಸರಾಗಿದ್ದ ಮಣ್ಣು ಮುಟ್ಟಿ ಗುಮಾಸ್ತ ಕೂಗಿದ.

"ಎಲೆ ಬೂದುಗಟ್ಟಿತ್ತು, ಪಾಪ. ದಿನಾ ಒಂದೊಂದು ಚೊಂಬು ಹಾಕ್ತಿದ್ದೆ ಅಳಿಯಂದ್ರೇ," ಎಂದರು ಅತ್ತೆ.

"ಅದರ ಬಣ್ಣಾನೇ ಬೂದು, ಅತ್ತೆ."

"ನೀವು ಮರೀತೀರ ಅಂತ ನಾನೂ ಹಾಕ್ತಿದ್ದೆ," ಎಂದಳು ಹೆಂಡತಿ.

ಮೇಲಿನ ಮಹಡಿಯಿಂದ ನಿವೃತ್ತ ಡ್ರಿಲ್ ಮಾಸ್ತರರ ತಲೆ ಇಳಿಬಿತ್ತು. "ನಾನೂ ಪೈಪಲ್ಲಿ ಬಿಡ್ತಿದ್ದೆ ಕಣಯ್ಯ. ಥ್ಯಾಂಕ್ಸ್ ಎಲ್ಲ ಬೇಡ. ಈಗ ಅದಕ್ಕೆ ಬಿಸಿಗಾಳಿ ಕೊಡು."

ಹೆಂಡತಿಯ ಕೂದಲು ಒಣಗಿಸುವ ಯಂತ್ರ ಬಂತು. ಗಾಳಿ ಬೀಸಿತು. ಎಲೆಗಳು ಸಾಮೂಹಿಕ ರಾಜೀನಾಮೆ ಕೊಟ್ಟವು.

ಗುಮಾಸ್ತ ಕಚೇರಿಗೆ ಹೊಟ್ಟೆನೋವೆಂದು ಹೇಳಿ, ಒಂದು ಎಲೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಊರಿನ ನರ್ಸರಿಗಳನ್ನೆಲ್ಲ ಅಲೆದ. ಕೊನೆಯದರಲ್ಲಿ ಅದೇ ಎತ್ತರದ ಸೇಜ್ ಸಿಕ್ಕಿತು.

"ನೀರು ಕಮ್ಮಿ ಹಾಕಣ್ಣ," ಎಂದಳು ನರ್ಸರಿಯಾಕೆ.

"ನಾನು ಹಾಕೋದೇ ಇಲ್ಲಮ್ಮ. ಹಾಕೋ ಜನ ಬೇರೆ ಇದ್ದಾರೆ."

ಹಳೆಯ ಕುಂಡದಲ್ಲಿ ಹೊಸ ಗಿಡ ಕೂರಿಸಿ ಮಣ್ಣು ಒತ್ತುವಷ್ಟರಲ್ಲಿ ಸಾಹೇಬರು ಹೆಂಡತಿಯೊಂದಿಗೆ ಬಂದರು. ಆಕೆ ಎಲೆ ಉಜ್ಜಿ ಮೂಸಿ, "ನಾನು ಬಿಟ್ಟುಹೋದಾಗ ಇದ್ದದ್ದಕ್ಕಿಂತ ಸೊಂಪಾಗಿದೆ. ರೀ, ಇದರದೊಂದು ಕುಡಿ ಕತ್ತರಿಸಿ ನಿಮ್ಮ ಕಚೇರಿ ಕಿಟಕಿ ಹತ್ರಾನೂ ನೆಡೋಣ, ಅಲ್ಲಿ ಒಳ್ಳೆ ಬಿಸಿಲು" ಎಂದರು.

ಸಾಹೇಬರ ಮುಖ ಬೂದುಗಟ್ಟಿತು. ಗುಮಾಸ್ತನನ್ನು ಮೆಟ್ಟಿಲ ಬಳಿ ಎಳೆದುಕೊಂಡು ಹೋದರು.

"ಸೂಪಲ್ಲಿ ಇದೇ, ಮೊಟ್ಟೇಲಿ ಇದೇ, ಟೀಲೂ ಇದೇ. ವರ್ಷಗಟ್ಟಲೆ ತಿಂದಿದ್ದೀನಿ ಕಣ್ರೀ. ಕಳ್ಳಿ ಕೊಂದವರು ಅಂತ ನಂಬಿ ನಿಮಗೆ ಒಂದು ಕೆಲಸ ಕೊಟ್ಟೆ."

ಗುಮಾಸ್ತನ ಕಣ್ಣು ಹೊಳೆಯಿತು. "ಸರ್, ಅದು ಬೆಳಿಗ್ಗೇನೇ ಸತ್ತಿತ್ತು. ಇದು ನಾನೇ ಹುಡುಕಿ ತಂದದ್ದು."

ಸಾಹೇಬರು ಹಣೆ ಚಚ್ಚಿಕೊಂಡರು.

"ಹಾಗಾದ್ರೆ ಆಗಿದ್ದ ಕೆಲಸಾನೂ ಕೆಡಿಸಿದ್ರಿ."

"ಸರ್... ಆ ಕಿಟಕಿ ಮೇಜು?"

"ಈಗ ತಾನೇ ಕೇಳಿಸ್ಕೊಂಡ್ರಲ್ಲ. ಅಲ್ಲಿ ಗಿಡ ಬರುತ್ತೆ. ನಿಮಗ್ಯಾಕ್ರೀ ಬಿಸಿಲು?"