ಕೇಬಲ್‌ನಲ್ಲಿ ಬಂದವರು

"ನೋಡ, ಇನ್ನ ಓಣಿ ತುಂಬ ಅಗಿಯೋದ ಬ್ಯಾಡ!" ಎಂದು ನಮ್ಮವರು ತಗಡಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಕುಕ್ಕಿದರು. ಗದಗಿನಲ್ಲಿ ಇಂಟರ್ನೆಟ್ ಕೇಬಲ್ ಎಳೆಯುವ ಕೆಲಸ ಅವರದು. ಯಂತ್ರ ಮಾಡುವುದು ಅವರ ಹುಚ್ಚು. ಅವತ್ತು ನಮ್ಮ ಮನೆಯ ಕೇಬಲ್ಲೇ ನೆಲದೊಳಗೆ ಎಲ್ಲೋ ತುಂಡಾಗಿತ್ತು. "ಕೇಬಲ್‌ನ್ಯಾಗ ಒಂದ ಮಿಡಿತ ಬಿಡ್ತೀನಿ. ತುಂಡಾದ ಜಾಗಕ್ಕ ಬಡದು ವಾಪಸ್ ಬರತೈತಿ. ಎಷ್ಟ ಹೊತ್ತಿಗೆ ಬಂತು ಅನ್ನೋದರ ಮ್ಯಾಲೆ ದೂರ ಗೊತ್ತಾಕ್ಕೈತಿ!"

"ಹನ್ನೊಂದಕ್ಕ ಇಂಟರ್ನೆಟ್ ಬರತೈತೋ ಇಲ್ಲೋ ಅಷ್ಟ ಹೇಳ್ರಿ!"

ಹನ್ನೊಂದಕ್ಕೆ ನನ್ನ ಆನ್‌ಲೈನ್ ಸಂದರ್ಶನ. ಮನೆಗಾಗಿ ಬಿಟ್ಟ ಶಿಕ್ಷಕಿಯ ಕೆಲಸಕ್ಕೆ ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದೆ. ಕರೆದದ್ದು ಇದೊಂದೇ ಶಾಲೆ.

ಗುಂಡಿ ಒತ್ತಿದರು. 84 ಮೀಟರ್! ಹಿಟ್ಟಿನ ಗಿರಣಿಯ ಮುಂದೆ ಅಗೆದರು. ಕೇಬಲ್ ಸರಿಯಾಗಿತ್ತು. ಮತ್ತೆ ಒತ್ತಿದರೆ 52. ನಲ್ಲಿಯ ಹತ್ತಿರ ಅಗೆದರು, ಅಲ್ಲೂ ಸರಿಯಾಗಿತ್ತು. ಈಗ 23.

"ತುಂಡಾದ ಜಾಗ ಎಲ್ಯಾರ ನಡೀತೈತೇನ್ರೀ?"

"ನನ್ನ ಯಂತ್ರ ಸುಳ್ಳ ಹೇಳಂಗಿಲ್ಲ!"

"ಹಂಗಾರ ಅದು ನಮ್ಮನೀಗೇ ಬರಾಕ್ಹತ್ತೇತಿ!"

ಅವರು ನಕ್ಕರು. ನಕ್ಕವರೇ ಹೋಗಿ ಬಾಗಿಲ ಚಿಲಕ ಹಾಕಿ ಬಂದರು.

11. 6. ನಮ್ಮವರು ಡಬ್ಬಿಯಿಂದ ಕೇಬಲನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಆದರೂ ಅಂಕಿ ಇಳಿಯಿತು. 4. ಗಾಳಿಯಿಲ್ಲದೆ ಗೋಡೆಯ ಕ್ಯಾಲೆಂಡರ್ ಅಲುಗಿತು. ಸೊನ್ನೆ. ಆಮೇಲೆ ಮೈನಸ್ ಒಂದು, ಅಂದರೆ ನನ್ನ ಕುರ್ಚಿಯ ಹಿಂದೆ! ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನಮ್ಮವರೂ ಇರಲಿಲ್ಲ, ಕೇಬಲ್ ಸಮೇತ ಅಡಿಗೆಮನೆ ಸೇರಿದ್ದರು.

ಸರಿಯಾಗಿ ಹನ್ನೊಂದು. ಕೇಬಲ್ ಇಲ್ಲದೆಯೇ ಇಂಟರ್ನೆಟ್ ಬಂತು! ಪರದೆಯ ಮೇಲೆ ಶಾಲೆಯ ಆಡಳಿತ ಮಂಡಳಿಯ ಮೂವರು ಕಾಣಿಸಿದರು.

"ಒಬ್ಬರೇ ಇರಬೇಕು ಅಂತ ಹೇಳಿದ್ವಲ್ಲ ಮೇಡಂ. ನಿಮ್ಮ ಹಿಂದೆ ಕೂತವರು ಯಾರು?" ಎಂದರು ಅಧ್ಯಕ್ಷರು.

ನಾನು ಬಾಯಿ ತೆರೆಯುವ ಮುನ್ನವೇ ಬೆನ್ನ ಹಿಂದಿನಿಂದ ನನ್ನದೇ ದನಿ ಕೇಳಿತು: "ಕೂತವರು ಯಾರು?"

ಅಧ್ಯಕ್ಷರು ಅತ್ತ ಕಣ್ಣು ಹಾಯಿಸಿದರು. "ನಮ್ಮಲ್ಲಿ ಶಿಸ್ತು ಮುಖ್ಯ."

"ಶಿಸ್ತು ಮುಖ್ಯ."

"ಸಂಬಳ ಮುಖ್ಯ ಅಲ್ಲ."

"ಸಂಬಳ ಮುಖ್ಯ ಅಲ್ಲ."

ಮೂವರ ಮುಖವೂ ಅರಳಿತು. ನಾನು ನಡುವೆ ಬಾಯಿ ಹಾಕಿ, "ಸಂಬಳ ಎಷ್ಟು ಸರ್?" ಅಂದೆ. ಮೂವರೂ ನನ್ನನ್ನು ನೋಡಲೇ ಇಲ್ಲ.

ಮರುದಿನ ನೇಮಕದ ಪತ್ರ ಬಂತು, ಹಿಂದೆ ಕೂತಿದ್ದ ಅಭ್ಯರ್ಥಿಗೆ! ಅವತ್ತು ನಾನು ಬಿಕ್ಕಿ ಬಿಕ್ಕಿ ಅತ್ತೆ.

ಸೋಮವಾರದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬಿಯಲ್ಲಿ ಅಂಕಿ ಏರುತ್ತ ಹೋಗುತ್ತದೆ, ಸಂಜೆ ಐದಕ್ಕೆ ಇಳಿಯುತ್ತ ಬರುತ್ತದೆ. ಇಲ್ಲಿಯವರೆಗೆ ಆ ಹೊಸ ಟೀಚರು ಒಂದು ದಿನವೂ ರಜೆ ಹಾಕಿಲ್ಲ.